ತಳ ಸೀದ ಪಾತೇಲಿ

ಬೆಂಕಿ ಮುಟ್ಟಬಹುದು, ಸೌಟು ಮುಟ್ಟಬಾರದು. ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದ ದಿನ ಚಂಪಾಬಾಯಿಗೆ ಹೇಳಿದ ಕಾನೂನು ಇದೊಂದೇ.

ಹೇಳಿದವನು ಹೆಡ್ ಗುರುಜಿ ಸೂರ್ಯಕಾಂತ. ಗದರಿಸಿ ಹೇಳಲಿಲ್ಲ, ನಗುತ್ತಲೇ ಹೇಳಿದ.

"ನನಗೇನೂ ಇಲ್ಲವ್ವಾ, ನಾ ಓದಿದಂವಾ. ಊರ ಮಂದಿ ಕೇಳಂಗಿಲ್ಲ. ನೀ ಹೊಲಗೇರಿಯಾಕಿ. ಕಟಗಿ ತಾ, ಚೀಲ ಹೊರು, ಉರಿ ಹಾಕು, ಪಾತೇಲಿ ತಿಕ್ಕು. ಬೆಂದಿದ್ದರ ಸನೇಕ ಬರಬ್ಯಾಡ."

ನೋಡಿ, ಎಂಥ ನ್ಯಾಯ! ಅಕ್ಕಿ ಹಸಿಯಾಗಿದ್ದಾಗ ಅವಳ ತಲೆಯ ಮೇಲೆ ಕೂತು ಬರಬಹುದು. ಬೆಂದಮೇಲೆ ಅವಳ ಕೈ ತಾಗಬಾರದು. ಎಲ್ಲರೂ ಉಂಡು ಪಾತೇಲಿ ಕರಿಹಿಡಿದು ಬಿದ್ದಾಗ ಮತ್ತೆ ಅವಳೇ ಬೇಕು. ಚಂಪಾಬಾಯಿ ತಲೆ ಆಡಿಸಿದಳು. ಗಂಡ ಕಾಶೆಪ್ಪ ಪುಣೆಯಲ್ಲಿ ಇಟ್ಟಂಗಿ ಹೊರಲು ಹೋಗಿದ್ದ. ಬಾವಿ ಬತ್ತಿತ್ತು, ಹೊಲದಲ್ಲಿ ಕೂಲಿ ಇರಲಿಲ್ಲ. ತಲೆ ಆಡಿಸದೆ ಏನು ಮಾಡುತ್ತಾಳೆ?

ಗಡಿಯಾಚೆಯ ಮರಾಠಿ ಸೀಮೆಯ ಉಮರ್ಗಾ ತಾಲೂಕಿನಲ್ಲಿ, ಯೆಣೆಗೂರಿನ ಹೆದ್ದಾರಿಯಿಂದ ಒಳಗೆ ಬಂದರೆ ಸಿಗುವ ಊರು ಅದು. ಲಾತೂರಿಗೆ ರೈಲಿನಲ್ಲಿ ನೀರು ತಂದರಲ್ಲ, ಅದಕ್ಕೆ ಹಿಂದಿನ ಚಳಿಗಾಲ. ಶಾಲೆಯಲ್ಲಿ ಐದರಿಂದ ಹತ್ತನೇ ವರ್ಗದವರೆಗೆ ಮಕ್ಕಳಿದ್ದರು. ಮಧ್ಯಾಹ್ನ ಖಿಚಡಿ ಬೇಯುತ್ತಿತ್ತು. ಬೇಯಿಸುವವಳು, ಬಡಿಸುವವಳು ಸರಸ್ವತಿಬಾಯಿ. ಲಿಂಗಾಯತರ ವಿಧವೆ, ಮುಖ ಗಂಟಿಕ್ಕಿಕೊಂಡೇ ಇರುವ ಹೆಂಗಸು. ಚಂಪಾಬಾಯಿಯ ಜೊತೆ ಅವಳು ಆಡುತ್ತಿದ್ದ ಮಾತು ಎರಡೇ. "ಉರಿ ಸಣ್ಣ ಮಾಡು." "ಉರಿ ಜೋರ್ ಮಾಡು."

ಇನ್ನೊಂದು ಮಾತೂ ಇತ್ತು. ಅದನ್ನು ಯಾರೂ ಆಡಬೇಕಾಗಿರಲಿಲ್ಲ. ಆ ಸೀಮೆಯಲ್ಲಿ ದೊಡ್ಡ ಪಾತ್ರೆ ಎಲ್ಲೇ ಒಲೆ ಏರಲಿ, ಮದುವೆಯಿರಲಿ, ಶ್ರಾವಣದ ದಾಸೋಹವಿರಲಿ, ತಳ ಹಿಡಿದದ್ದು ತಿಕ್ಕಿದವರಿಗೆ. ಅಜ್ಜ ಮುತ್ತಜ್ಜರ ಕಾಲದಿಂದ ನಡೆದುಬಂದದ್ದು. ಸೀದು ಕರಿಯಾದದ್ದಕ್ಕೆ ಬೇರೆ ಯಾರು ಕೈ ಚಾಚುತ್ತಾರೆ? ಹಾಗಾಗಿ ಖಿಚಡಿಯ ತಳ ಚಂಪಾಬಾಯಿಗೆ. ಸರಸ್ವತಿಬಾಯಿಯದು ಹದದ ಕೈ. ತಳ ಹಿಡಿಯುತ್ತಿದ್ದದ್ದು ಒಂದು ಪದರವೂ ಅಲ್ಲ. ಚಂಪಾಬಾಯಿ ಅದನ್ನು ಕೆರೆದು ನೀರಿಗೆ ಬಿಟ್ಟು ಪಾತೇಲಿ ಬೆಳಗುತ್ತಿದ್ದಳು. ಮಗಳಿಗೆ ಅದರ ಗರಜು ಇರಲಿಲ್ಲ. ಮಗಳು ಸುಗಂಧಾ ಎಂಟನೇ ವರ್ಗದ ಸಾಲಿನಲ್ಲಿ ಕೂತು ತಾಟು ತುಂಬ ಉಣ್ಣುತ್ತಿದ್ದಳು. ಅದು ಕಳೆದ ವರ್ಷದ ಮಾತು.

ಜೂನ್ ತಿಂಗಳಲ್ಲಿ ಸುಗಂಧಾ ಪಾಸಾದಳು.

ಪಾಸಾದದ್ದೇ ತಪ್ಪಾಯಿತು. ಸರಕಾರದ ಊಟ ಎಂಟನೇ ವರ್ಗಕ್ಕೆ ನಿಲ್ಲುತ್ತದೆ. ಒಂಬತ್ತಕ್ಕೆ ಕಾಲಿಟ್ಟ ಮಗುವಿಗೆ ಹೊಟ್ಟೆ ಇರುವುದಿಲ್ಲವೆಂದು ಯಾರು ಬರೆದರೋ, ಅವರ ಮನೆಯಲ್ಲಿ ಹದಿನಾಲ್ಕು ವರ್ಷದ ಮಕ್ಕಳು ಇರಲಿಕ್ಕಿಲ್ಲ. ಗಂಟೆ ಹೊಡೆದಾಗ ಚಿಕ್ಕವರು ತಾಟು ಹಿಡಿದು ಓಡುತ್ತಿದ್ದರು. ಒಂಬತ್ತು, ಹತ್ತನೆಯವರು ಬೇವಿನ ಮರದ ಕೆಳಗೆ, ಖಿಚಡಿಗೆ ಬೆನ್ನು ಮಾಡಿ ಕೂರುತ್ತಿದ್ದರು. ಕೆಲವರ ಹತ್ತಿರ ಬುತ್ತಿ ಇರುತ್ತಿತ್ತು, ಬಹಳ ಮಂದಿಯ ಹತ್ತಿರ ಇರುತ್ತಿರಲಿಲ್ಲ. ಎಷ್ಟು ಬೆನ್ನು ಮಾಡಿದರೇನು, ಒಗ್ಗರಣೆಯ ವಾಸನೆ ತಡೆಯುತ್ತದೆಯೇ? ಸುಗಂಧಾ ಮೊಣಕಾಲಿಗೆ ಮೂಗು ಒತ್ತಿಕೊಂಡು ಕೂರುತ್ತಿದ್ದಳು. ಒಲೆಯ ಮುಂದೆ ಕೂತ ಚಂಪಾಬಾಯಿಗೆ ಅವಳ ಜಡೆ ಕಾಣುತ್ತಿತ್ತು. ಅಷ್ಟು ಜನರಿಗೆ ಬೇಯಿಸುವ ಬೆಂಕಿ ನನ್ನ ಕೈಯಲ್ಲಿದೆ, ನನ್ನ ಮಗಳು ಅಲ್ಲಿ ಕೂತಿದ್ದಾಳೆ. 

ಮನೆಯಲ್ಲಿ ಅತ್ತೆ ಭಾಗೀರಥಿಬಾಯಿ ಒಂದೇ ಹಟ ಹಿಡಿದಿದ್ದಳು.

"ಔರಾದದವ್ರು ಹುಡುಗಿಗಿ ಕೇಳ್ಲತಾರ. ಕೊಟ್ಟುಬಿಡು. ಅಲ್ಲಿ ಎರಡೂ ಹೊತ್ತು ಊಟ ಅದ."

"ಅತ್ತೀ, ಇನ್ನಾ ಸಣ್ಣಾಕಿ ಅದಾಳ್ರಿ."

"ಸಣ್ಣಾಕಿ! ಸಾಲ್ಯಾಗ ಊಟ ಇತ್ತು, ಸುಮ್ಮ ಇದ್ದೆ. ಈಗ ಅದೂ ಇಲ್ಲ. ಬರೇ ಹೊಟ್ಟಿಲೆ ಎಷ್ಟು ದಿನ ಕಳಸ್ತಿ? ಬಿದ್ದು ಸತ್ರ ನಿನ್ನ ಸಾಲಿ ಬಂದು ಮಣ್ಣು ಹಾಕ್ತದೇನು?"

ಮುದುಕಿ ಕೆಟ್ಟವಳಲ್ಲ. ತನ್ನ ರೊಟ್ಟಿಯ ಅರ್ಧವನ್ನು ಮೊಮ್ಮಗಳ ಕಡೆ ತಳ್ಳುವವಳೇ. ಔರಾದ ಶಹಾಜನಿಯಲ್ಲಿ ಸಂತೆಯ ಬದಿಗೆ ಮನೆ, ಹುಡುಗ ಟೆಂಪೋ ಓಡಿಸುತ್ತಾನೆ, ಬಾವಿಯಲ್ಲಿ ಇನ್ನೂ ನೀರಿದೆ. ಬರಗಾಲದಲ್ಲಿ ಹೆಣ್ಣು ಕೊಡಲು ಇನ್ನೇನು ನೋಡಬೇಕು ಎಂದು ಅವಳ ವಾದ.

ಸುಗಂಧಾ ಹೇಳಿದ್ದು ಒಂದೇ ಮಾತು. "ಅವ್ವಾ, ನಾ ಸಾಲಿ ಬಿಡಲ್ಲ. ಹಸದ್ರ ಹಸೀಲಿ."

ಮೊದಲ ಸಲ ತಳ ಸೀದದ್ದು ಬೇಕೆಂದು ಮಾಡಿದ್ದಲ್ಲ. ನಿಧಾನ ಉರಿಯುವ ಜಾಲಿಯ ದಪ್ಪ ಕೊಂಟು ಸಿಗದೆ ತೊಗರಿಕಟ್ಟಿಗೆ ಹಾಕಿದ್ದಳು. ತೊಗರಿಕಟ್ಟಿಗೆ ಭಗ್ಗನೆ ಉರಿಯುತ್ತದೆ, ಹೇಳಿದ ಮಾತು ಕೇಳುವುದಿಲ್ಲ. ಆ ದಿನ ತಳದಲ್ಲಿ ಬೆರಳು ದಪ್ಪ ಹಿಡಿಯಿತು. ತಿಕ್ಕುವ ಕಲ್ಲಿನ ಮೇಲೆ ಪಾತೇಲಿ ಇಟ್ಟು ಉಚಕದ ಚಪ್ಪಟೆ ಬಾಯಿಂದ ತಳವನ್ನು ಕೆರೆದು ಎಬ್ಬಿಸಿದಳು. ಮೇಲೆ ಕಂದು, ಕೆಳಗೆ ಕರಿ, ನಡುವೆ ಇನ್ನೂ ಅರಿಷಿಣದ ಬಣ್ಣ. ಬಿಸಿ ಇತ್ತು. ಅತ್ತಿತ್ತ ನೋಡಿ, ನೀರಿನ ಟಾಕಿಯ ಹಿಂದಕ್ಕೆ ಮಗಳನ್ನು ಕರೆದಳು. ಸುಗಂಧಾ ನಿಂತೇ ತಿಂದಳು. ಕರಕರ ಸದ್ದಿಗೆ ಚಂಪಾಬಾಯಿ ಬೆಚ್ಚಿಬಿದ್ದಳು. "ಸಾವಕಾಶ ತಿನ್ನ ಎವ್ವಾ, ಕೇಳಸ್ತದ."

ಮರುದಿನ ಜಾಲಿಯ ಕೊಂಟು ಸಿಕ್ಕಿತ್ತು. ಆದರೂ ಅವಳು ತೊಗರಿಕಟ್ಟಿಗೆ ಹಾಕಿದಳು.

ಸೌಟು ಅವಳ ಕೈಗೆ ಬರುವಂತಿರಲಿಲ್ಲ, ಬೆಂಕಿ ಬರುತ್ತಿತ್ತು. ಬೆಂಕಿ ಕೊಟ್ಟವರಿಗೆ ಅದರಿಂದ ಏನು ಮಾಡಬಹುದೆಂದು ಹೊಳೆದಿರಲಿಲ್ಲ. ಸರಸ್ವತಿಬಾಯಿ ಉಪ್ಪು ತರಲು ತಿರುಗಿದಾಗ ನಾಲ್ಕು ಕಡ್ಡಿ ಒಳಗೆ ತಳ್ಳುವುದು. ಅವಳು ಮೂಗೆಳೆದಾಗ ಹೊರಗೆ ಎಳೆಯುವುದು.   ಹೆಡ್ ಗುರುಜಿಯ ಚಪ್ಪಲಿಯ ಸದ್ದಾದರೆ ಇದ್ದ ಕಡ್ಡಿಯನ್ನೆಲ್ಲ ಹೊರಗೆ ಎಳೆದುಬಿಡುತ್ತಿದ್ದಳು.

ಬೇವಿನ ಮರದ ಕೆಳಗಿನ ಮಕ್ಕಳಿಗೆ ಮೂಗಿಲ್ಲವೇ? ಸುಗಂಧಾಳ ಗೆಳತಿ, ಎಣ್ಣೆಗಾಣದ ಮಲ್ಲಣ್ಣನ ಮಗಳು ಕಸ್ತೂರಿ, ಮೊದಲು ಬಂದಳು. ದೂರ ನಿಂತಳು. ಹೊಲಗೇರಿಯ ಕೈಯಿಂದ ತಿಂದರೆ ಮನೆಯಲ್ಲಿ ಹೊಡೆತ. ಎರಡು ದಿನ ಹಾಗೇ ನಿಂತು ಉಗುಳು ನುಂಗಿದಳು. ಮೂರನೆಯ ದಿನ ತಾನೇ ಒಂದು ಕಾನೂನು ಮಾಡಿದಳು.

"ಸೀದಿದ್ದಕ್ಕ ಮೈಲಿಗಿ ಇಲ್ಲ ಬಿಡು. ಬೆಂಕ್ಯಾಗ ಸುಟ್ಟು ಬಂದದಲ್ಲ."

ಕೈ ಚಾಚಿದಳು. ಅವಳ ಹಿಂದೆ ಇನ್ನೊಬ್ಬಳು, ಆಮೇಲೆ ಹುಡುಗರೂ. ಟಾಕಿಯ ಹಿಂದೆ ಕರಿ ಬಾಯಿಗಳ ಗುಂಪು. ಚಂಪಾಬಾಯಿ ಬೇಡ ಅನ್ನಲಾರಳು. ತಳ ದಪ್ಪವಾಗುತ್ತ ಹೋಯಿತು. ಬೆರಳಿನಷ್ಟಿದ್ದದ್ದು ಎರಡು ಬೆರಳಾಯಿತು.

ಸೌಟು ಬೇಗ ತಳ ಮುಟ್ಟತೊಡಗಿತು.

ಇದು ಅವಳಿಗೆ ಗೊತ್ತಾದದ್ದು ನೆರೆಯ ರಂಭಾಬಾಯಿಯ ಮೊಮ್ಮಗಳಿಂದ. ಐದನೇ ವರ್ಗದ ಚೋಟುದ್ದದ ಹುಡುಗಿ, ಸಾಲಿನ ಕೊನೆಯಲ್ಲಿ ಕೂರುತ್ತಿತ್ತು. ಕೇರಿಯ ಮಕ್ಕಳನ್ನು ಕೊನೆಗೇ ಕೂರಿಸುತ್ತಿದ್ದರು. ಅರ್ಧ ಸೌಟು ಬಿತ್ತು. ಹುಡುಗಿ ತಾಟನ್ನು ಬೆರಳಿನಿಂದ ಒರೆಸಿ ನೆಕ್ಕಿತು. ಒಲೆಯ ಹತ್ತಿರ ಬಂದು ಕೇಳಿತು, "ದೊಡ್ಡವ್ವಾ, ಇನ್ನಾ ಅದ ಏನು?"

ಚಂಪಾಬಾಯಿ ಪಾತೇಲಿಯ ಕಡೆ ನೋಡಿದಳು. ಇನ್ನೂ ಇತ್ತು. ತಳದಲ್ಲಿ ಇತ್ತು. ಅವಳೇ ಅಂಟಿಸಿ ಇಟ್ಟಿದ್ದಳು. ಯಾರ ಬಾಯಿಂದ ತೆಗೆದು ಯಾರ ಬಾಯಿಗೆ ಹಾಕುತ್ತಿದ್ದೇನೆ? ಮರುದಿನ ಅವಳು ಉರಿ ಸಣ್ಣ ಮಾಡಿದಳು. ಅದರ ಮರುದಿನ ಪ್ರಾರ್ಥನೆಯ ಸಾಲಿನಲ್ಲಿ ಹತ್ತನೇ ವರ್ಗದ ಒಬ್ಬ ಹುಡುಗಿ ಗೋಡೆ ಹಿಡಿದು ಕೂತುಬಿಟ್ಟಳು. ಅವತ್ತೇ ಮತ್ತೆ ಉರಿ ಏರಿತು. ಎತ್ತ ತಿರುಗಿದರೂ ಪಾಪವೇ. ಇದನ್ನು ಯಾರಲ್ಲಿ ಹೇಳಿಕೊಳ್ಳುತ್ತಾಳೆ?

ಆದರೆ ಅರ್ಧ ಸೌಟಿಗೆ ಅವಳ ತಳವೊಂದೇ ಕಾರಣವಲ್ಲ. ಅದೂ ಅವಳಿಗೆ ಗೊತ್ತಿತ್ತು. ಶಾಲೆಯ ಗೋದಾಮಿಗೆ ಬಂದ ಅಕ್ಕಿಯ ಚೀಲಗಳನ್ನು ಇಳಿಸುವವಳು ಅವಳು. ಅದೇ ಚೀಲಗಳಲ್ಲಿ ಕೆಲವನ್ನು ಸಂಜೆ ಶಾಲೆ ಬಿಟ್ಟಮೇಲೆ ತಲೆಯ ಮೇಲೆ ಹೊತ್ತು ವಿಶ್ವನಾಥಪ್ಪನ ಕಿರಾಣಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಳಿಸುವವಳೂ ಅವಳೇ. ವಿಶ್ವನಾಥಪ್ಪ ಶಾಲಾ ಸಮಿತಿಯ ಅಧ್ಯಕ್ಷ. ಹಣೆಯ ತುಂಬ ವಿಭೂತಿ, ಬಾಯಿಯ ತುಂಬ ಬೆಲ್ಲ. "ಇಲಿ ಕಾಟ ಬಾಳ ಅದ ಸಾಲ್ಯಾಗ. ನನ್ನಲ್ಲಿ ಸೇಫ್ ಇರ್ತದ" ಎನ್ನುತ್ತಿದ್ದ. ಅಲ್ಲಿ ಇಟ್ಟದ್ದು ಒಂದೂ ತಿರುಗಿ ಬರಲಿಲ್ಲ. ಕುತ್ತಿಗೆ ನರ ಹಿಡಿದುಕೊಂಡು ಚಂಪಾಬಾಯಿ ಸುಮ್ಮನೆ ಮನೆಗೆ ಬರುತ್ತಿದ್ದಳು. ಕೇಳಲು ಬಾಯಿ ಎಲ್ಲಿದೆ? ಕೇರಿಗೆ ಸಂಜೆ ಬರುವ ನೀರು ವಿಶ್ವನಾಥಪ್ಪನ ಬೋರಿನದು. ಪೈಪಿನ ತಿರುಗಣೆ ಅವನ ಅಂಗಳದಲ್ಲಿತ್ತು.

ಒಂದು ದಿನ ಕವಾಯಿತಿನ ಹೊತ್ತಿನಲ್ಲಿ ಪಾಟೀಲರ ಓಣಿಯ, ಎಂಟನೇ ವರ್ಗದ ಹುಡುಗಿ ಬಿದ್ದಳು. ಗಲ್ಲ ಒಡೆಯಿತು. ಏನು ತಿಂದಿದ್ದಿ ಎಂದು ಕೇಳಿದ್ದಕ್ಕೆ, ಸಾಲ್ಯಾಗ ಕೊಟ್ಟಿದ್ದಷ್ಟೇ ಅಂದಳು. ಅವಳ ಅಪ್ಪ ಉಮರ್ಗಾದ ಆಫೀಸಿಗೆ ಫೋನು ಮಾಡಿದ. ಕೇರಿಯ ಮಕ್ಕಳು ಎಷ್ಟು ಸಲ ಬಿದ್ದಿದ್ದರೂ ಯಾರೂ ಫೋನು ಮಾಡಿರಲಿಲ್ಲ. ಪಾಟೀಲರ ಓಣಿಯ ಗಲ್ಲ ಒಡೆದದ್ದಕ್ಕೆ ತಾಲೂಕಿನ ಶಿಕ್ಷಣಾಧಿಕಾರಿ ಮೇಡಂ ಬರುತ್ತಾರೆಂದು ಸುದ್ದಿಯಾಯಿತು.

ಮೇಡಂ ಬರುವ ಹಿಂದಿನ ದಿನ ಶಾಲೆ ಬಿಟ್ಟಮೇಲೆ ಚಂಪಾಬಾಯಿಗೆ ಕರೆ ಬಂತು. ಆಫೀಸಿನಲ್ಲಿ ಹೆಡ್ ಗುರುಜಿ ಇದ್ದ, ವಿಶ್ವನಾಥಪ್ಪ ಕುರ್ಚಿಯಲ್ಲಿದ್ದ. ಅವಳು ಹೊಸ್ತಿಲ ಹೊರಗೆ ನಿಂತಳು.

"ಚಂಪಾ, ನೀ ಬೇಕಂತ ತಳ ಸುಡ್ತಿ. ನಮಗ ಗೊತ್ತದ" ಎಂದ ವಿಶ್ವನಾಥಪ್ಪ, ಮೆತ್ತಗೆ.

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಅಂಜಬ್ಯಾಡ. ನಾಳೆ ಮೇಡಂ ಬರ್ತಾರ. ಖಿಚಡಿ ಯಾಕ ಕಮ್ಮಿ ಬೀಳ್ತದ ಅಂತ ಕೇಳ್ತಾರ. ನನ್ನ ಕಡೀಂದ ಸೀದು ಹೋಗ್ತದ್ರಿ, ತಳದ್ದು ನಾನೇ ಒಯ್ತೀನ್ರಿ ಅನ್ನು. ಕೈ ಜೋಡಸು. ನಾಕ ದಿನ ಮನ್ಯಾಗ ಕೂಡು. ಆಮ್ಯಾಲ ಮತ್ತ ಕರಸ್ತೀವಿ. ಖರೇನೇ ಹೇಳು ಅನ್ಲತೀನಿ, ಸುಳ್ಳ ಹೇಳು ಅನ್ಲತಿಲ್ಲ."

ಅದೇ ಅವಳ ಕೈ ಕಟ್ಟಿದ್ದು. ಅದು ಸುಳ್ಳಲ್ಲ. ಅವಳ ಸಣ್ಣ ಖರೆಯನ್ನು ಹಿಡಿದು ತನ್ನ ದೊಡ್ಡ ಕಳವಿನ ಮೇಲೆ ಮುಚ್ಚುತ್ತಿದ್ದ, ಕಳ್ಳ.

"ಸಾವಕಾರ್ರೀ..." ಅಂದಳು. 

"ಕೇರಿಗಿ ನೀರು ಬರೋಬ್ಬರಿ ಬರ್ಲತದಲ್ಲ?" ಎಂದು ಅವನು ಕೇಳಿದ. ಅಷ್ಟೇ ಕೇಳಿದ.

ಹೆಡ್ ಗುರುಜಿ ಇನ್ನೊಂದು ಹೇಳಿದ. "ನಾಳೆ ಊಟದ ಹೊತ್ತಿಗಿ ಒಂಬತ್ತು, ಹತ್ತನೇದವ್ರನ್ನ ವರ್ಗದಾಗೇ ಕೂಡಸು. ಹೊರಗಿನ ಚಿಲಕ ಹಾಕು. ಮೇಡಂ ಮುಂದ ಹಸಗೊಂಡು ನಿಂತ್ರ ಚೆಂದ ಕಾಣ್ಸಲ್ಲ."

ಮನೆಗೆ ಬಂದು ಅತ್ತೆಗೆ ಹೇಳಿದಳು. ಭಾಗೀರಥಿಬಾಯಿ ಎದೆ ಬಡಿದುಕೊಂಡಳು.

"ಹೇಳಿಬಿಡು ನನ್ನವ್ವಾ, ಕಾಲಿಗಿ ಬಿದ್ದು ಹೇಳಿಬಿಡು! ನೀರು ಬಂದ್ ಆದ್ರ ಕೇರಿ ಮಂದಿ ನಮ್ಮನ್ನ ಹರದು ತಿಂತಾರ. ಹ್ಯಾಂಗೂ ಸೋಮವಾರ ಔರಾದದವ್ರು ಬರ್ಲತಾರ. ಹುಡುಗಿದು ಒಂದು ದಾರಿ ಆಗ್ತದ, ನಿನ್ನ ಸುಡೋದೂ ಮುಗೀತದ."

ಮೂಲೆಯಲ್ಲಿ ಕೂತ ಸುಗಂಧಾ ಎಲ್ಲ ಕೇಳಿಸಿಕೊಂಡಿದ್ದಳು. ಮದುವೆಯ ಮಾತಿಗೆ ಅಳಲಿಲ್ಲ. ತಾಯಿಯ ಮುಖ ನೋಡಿ ಕೇಳಿದಳು, "ಅವ್ವಾ, ನಾಳೆ ಚಿಲಕ ನೀನೇ ಹಾಕ್ತಿಯೇನು?"

ಚಂಪಾಬಾಯಿ ದೀಪ ಆರಿಸಿದಳು.

ಹಾಕಿದಳು. ಅವಳೇ ಹಾಕಿದಳು. ಮಕ್ಕಳು ಒಳಗೆ ಹೋದರು, ಮಗಳು ಕೊನೆಗೆ ಹೋದಳು. ಕಬ್ಬಿಣದ ಚಿಲಕ ಎಳೆದಾಗ ಅದು ಕೂಗಿತು. ಆ ಸದ್ದಿಗೆ ಅವಳ ಹಲ್ಲು ಜುಮ್ಮೆಂದವು.

ಆ ದಿನ ಪಾತೇಲಿ ಕಂಠಮಟ್ಟ ತುಂಬಿತ್ತು. ಬೇಳೆ ಕಣ್ಣಿಗೆ ಕಾಣುತ್ತಿತ್ತು, ಬಟಾಟೆ ಬಿದ್ದಿತ್ತು, ಬಾಳೆಹಣ್ಣೂ ಬಂದಿದ್ದವು. ಉರಿ ಸಣ್ಣಗಿರಲಿ ಎಂದು ಗುರುಜಿ ಎದುರಿಗೇ ನಿಂತು ಕಾದ. ಮೇಡಂ ಜೀಪಿನಿಂದ ಇಳಿದು ಸಾಲುಗಳ ನಡುವೆ ನಡೆದರು. ತಾಟಿನ ತುಂಬ ಖಿಚಡಿ ನೋಡಿ ಚಿಕ್ಕ ಮಕ್ಕಳ ಕಣ್ಣು ಇಷ್ಟಗಲವಾಗಿದ್ದವು. ಮೇಡಂ ಮರಾಠಿಯಲ್ಲಿ ಕೇಳಿದರು, ಹೊಟ್ಟೆ ತುಂಬುತ್ತದೆಯೇ ಎಂದು.

"ಪೋಟ ಭರತಂ ಕಾ?"

"ಹೋ ಬಾಯೀ!" ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ಬೆಳಿಗ್ಗೆಯಿಂದ ಗುರುಜಿ ಅದನ್ನೇ ಕಲಿಸಿದ್ದ.

"ಮತ್ತೆ ದೂರು ಯಾಕೆ ಬಂತು?" ಮೇಡಂ ಗುರುಜಿಯ ಕಡೆ ತಿರುಗಿದರು. ಗುರುಜಿ ನಿಟ್ಟುಸಿರು ಬಿಟ್ಟು, ಬಡವರ ಮೇಲೆ ದೂರು ಹೇಳಲು ಮನಸ್ಸಿಲ್ಲ ಎಂಬ ಮುಖ ಮಾಡಿ, ಚಂಪಾಬಾಯಿಯನ್ನು ಕರೆದ. ಪಕ್ಕದಲ್ಲಿ ವಿಶ್ವನಾಥಪ್ಪ ಕೈಕಟ್ಟಿ ನಿಂತಿದ್ದ.

ಚಂಪಾಬಾಯಿ ಬಂದಳು.  ನಿಂತಲ್ಲೇ ಉಚ್ಚೆ ಹೋಗುತ್ತದೆಯೋ ಎನ್ನುವಷ್ಟು ಹೆದರಿಕೆ. ಹೇಳಿಕೊಟ್ಟಂತೆ ಕೈ ಜೋಡಿಸಿದಳು.

"ಹೌದ್ರಿ ಮೇಡಂ. ತಳ ನಾನೇ ಸುಟ್ಟೀನಿ. ಬೇಕಂತ ಸುಟ್ಟೀನಿ."

ಗುರುಜಿ ಅದನ್ನು ಮರಾಠಿಗೆ ತಿರುಗಿಸಲು ಹೋದ. ತಿಳಿಯುತ್ತದೆ ಎಂದು ಮೇಡಂ ಕೈ ಮಾಡಿದರು. ಉಮರ್ಗಾದಲ್ಲಿ ಕನ್ನಡ ತಿಳಿಯದವರು ಕಡಿಮೆ. ವಿಶ್ವನಾಥಪ್ಪನಿಗೆ ಹೋದ ಉಸಿರು ಬಂತು. "ಆತಲ್ಲ, ಹೋಗಿನ್ನ" ಎಂದ.

ಹೋಗಬಹುದಿತ್ತು. ಅವಳು ತಿರುಗಿದಳು ಕೂಡ. ತಿರುಗಿದ್ದಕ್ಕೇ ಆ ಬಾಗಿಲು ಎದುರಾಯಿತು. ಬಾಗಿಲ ಸಂದಿಯಲ್ಲಿ ಒಂದರ ಮೇಲೊಂದು ಮೂಗುಗಳು. ಒಗ್ಗರಣೆಯ ವಾಸನೆ ಎಳೆದುಕೊಳ್ಳುತ್ತಿದ್ದವು. ಎಲ್ಲಕ್ಕಿಂತ ಕೆಳಗಿನ ಮೂಗು ಅವಳ ಮಗಳದು.

ನಾನು ಹಾಕಿದ ಚಿಲಕ, ಎಂದುಕೊಂಡಳು. ಕಾಲು ತಾವಾಗಿ ನಡೆದವು. ಹಿಂದಿನಿಂದ ಗುರುಜಿ "ಏ! ಏ ಚಂಪಾ!" ಅಂದ. ಅವಳು ಚಿಲಕ ತೆಗೆದಳು.

"ಇವ್ರ ಸಲುವಾಗಿ ಸುಟ್ಟೀನ್ರಿ."

ಮಕ್ಕಳು ಹೊರಗೆ ಬಂದರು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತರು. ಮೇಡಂ ಗುರುಜಿಯನ್ನು ನೋಡಿದರು. ಒಂಬತ್ತು, ಹತ್ತನೇ ವರ್ಗ, ಅವರಿಗೆ ಊಟ ಇಲ್ಲ ಎಂದು ಗುರುಜಿ ಗೊಣಗಿದ. ಮೇಡಂ ತಲೆ ತಗ್ಗಿಸಿ, ನಿಯಮ ಎಂಟರವರೆಗೆ ಮಾತ್ರ ಎಂದು ಮರಾಠಿಯಲ್ಲಿ ಮೆಲ್ಲಗೆ ಹೇಳಿದರು.

"ನಿಮ್ಮ ನಿಯಮ ನನಗ ತಿಳಿಯಲ್ರಿ" ಎಂದಳು ಚಂಪಾಬಾಯಿ.  "ಬೇಯಿಸಿದ್ದು ಇವ್ರಿಗಿ ಇಲ್ಲ. ಸುಟ್ಟಿದ್ದಾದ್ರೂ ಸಿಗಲಿ ಅಂತ ಸುಟ್ಟೆ. ಸಣ್ಣ ಹುಡುಗುರ ಪಾಲು ಕದ್ದೀನಿ. ತಪ್ಪು ಮಾಡೀನಿ, ಬೈರಿ, ಹೊಡೀರಿ. ಖರೆ ನಾ ತಳದಷ್ಟೇ ಕದ್ದೀನಿ. ಚೀಲ ನಾ ಕದ್ದಿಲ್ಲ. ಚೀಲ ನಾ ಹೊತ್ತೀನಿ."

ಸೆರಗು ಜಾರಿಸಿ, ಕೂದಲು ಉದುರಿ ಬೋಳಾದ ನೆತ್ತಿಯನ್ನು ಬಗ್ಗಿ ತೋರಿಸಿದಳು.

"ಈ ತಲಿ ಮ್ಯಾಲ ಹೊತ್ತೀನಿ. ಸಾವಕಾರ್ರ ದುಕಾನದ ಹಿಂದಿನ ಖೋಲ್ಯಾಗ ಇಳಿಸೀನಿ. ನನ್ನ ಕಳವು ನಾ ಹೊರ್ತೀನಿ. ಇವ್ರದೂ ನನ್ನ ತಲಿ ಮ್ಯಾಲೇ ಇಡ್ಲತಾರ ನೋಡ್ರಿ, ಅದು ಮಾತ್ರ ನಾ ಹೊರಂಗಿಲ್ಲ."

"ಹಲಕಟ್ ರಂಡೆ!" ಎಂದ ವಿಶ್ವನಾಥಪ್ಪ. ಬಾಯಿಯ ಬೆಲ್ಲ ಕರಗಿತ್ತು.

 ಸಾಲಿನ ಕೊನೆಯಿಂದ ರಂಭಾಬಾಯಿಯ ಮೊಮ್ಮಗಳು ಎದ್ದು ನಿಂತಿತು. ಗದ್ದಕ್ಕೆ ಖಿಚಡಿ ಹತ್ತಿತ್ತು. ಗುರುಜಿ ಇದನ್ನು ಕಲಿಸಿರಲಿಲ್ಲ.

"ಬಾಯೀ, ಆಜಚ ಭರಲಂ" ಅಂದಿತು. ಇವತ್ತೇ ತುಂಬಿತು ಎಂದು.

ಮೇಡಂ ಗೋದಾಮಿನ ಬೀಗ ತೆಗೆಸಿ ಒಳಗೆ ಹೋದರು. ಹೊರಗೆ ಬಂದಾಗ ಬೀಗದ ಕೈ ಹೆಡ್ ಗುರುಜಿಗೆ ಕೊಡದೆ ಇನ್ನೊಬ್ಬ ಗುರುಜಿಗೆ ಕೊಟ್ಟರು. ಜೀಪು ಹತ್ತಿದರು. ಒಂಬತ್ತನೆಯವರಿಗೆ ಬಡಿಸು ಎಂದು ಯಾರೂ ಹೇಳಲಿಲ್ಲ, ಬಡಿಸಬೇಡ ಎಂದೂ ಹೇಳಲಿಲ್ಲ. ಪಾತೇಲಿಯಲ್ಲಿ ಇನ್ನೂ ಇತ್ತು. ಸರಸ್ವತಿಬಾಯಿ ಸೌಟು ಹಿಡಿದು ನಿಂತೇ ಇದ್ದಳು. ಮಕ್ಕಳು ಅವಳ ಸೌಟನ್ನೇ ನೋಡಿದರು. ಅವಳು ಮುಖ ಆಚೆ ತಿರುಗಿಸಿದಳು. ಮಕ್ಕಳು ಬೇವಿನ ಮರಕ್ಕೆ ಹೋಗಿ, ಬೆನ್ನು ಮಾಡಿ ಕೂತರು.

ಸಂಜೆಯೊಳಗೆ ಚಂಪಾಬಾಯಿಯ ಕೆಲಸ ಹೋಯಿತು. ಸಂಜೆಗೇ ಪೈಪು ಒಣಗಿತು.

ಕೇರಿಯ ಹೆಂಗಸರು ಖಾಲಿ ಕೊಡ ಹಿಡಿದು ಬಾಗಿಲಿಗೆ ಬಂದರು. "ನಿನಗ್ಯಾಕ ಬೇಕಿತ್ತು ದೊಡ್ಡಸ್ತಿಕಿ?" ಎಂದು ಬಾಯಿಗೆ ಬಂದಂತೆ ಬೈದರು. ಎಲ್ಲರಿಗಿಂತ ಜೋರಾಗಿ ಬೈದವಳು ರಂಭಾಬಾಯಿ. ಚಂಪಾಬಾಯಿ ಒಳಗೆ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಸುಗಂಧಾಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ನಾಳೆಯಿಂದ ಹೆದ್ದಾರಿಯ ಆಚೆಯ ಬಾವಿಯಿಂದ ನೀರು ತರಬೇಕು. ಮರುದಿನ ನಸುಕಿನಲ್ಲಿ ಅವಳೇ ಎದ್ದು ತಂದಳು. ತನ್ನ ಮನೆಗಲ್ಲದೆ ಮುದುಕರಿದ್ದ ಮನೆಗಳಿಗೂ ತಂದಳು. ಚೀಲ ಹೊತ್ತ ನೆತ್ತಿಗೆ ಕೊಡ ಏರಿತು. ಎರಡನೆಯ ದಿನ ಸಾಕಾಗಿ ಹಾದಿಯಲ್ಲಿ ಕೂತಾಗ ರಂಭಾಬಾಯಿ ಬಂದು ಸಿಂಬೆ ಕಸಿದುಕೊಂಡಳು.

"ತಾ ಇಕಡಿ. ನಿನಗ ಬೈದಿದ್ದು ಬೈದಿದ್ದೇ, ಅದೇನ್ ವಾಪಸ್ ತಗೊಳಲ್ಲ ನಾ. ಖರೆ ನನ್ನ ಮೊಮ್ಮಗಳು ನಿನ್ನೆ ಹೊಟ್ಟಿ ತುಂಬಿ ಬಂದಾಳ. ತಾಟಿನ ತುಂಬ ಹಾಕ್ಯಾರಂತ."

ಚೀಲಗಳು ಗೋದಾಮಿನಲ್ಲೇ ಉಳಿದಿದ್ದವು. ಪಾತ್ರೆ ತಿಕ್ಕುವ ಕೆಲಸಕ್ಕೆ ಗುರುಜಿ ಕೇರಿಯಲ್ಲಿ ಮೂರು ಮನೆ ಕೇಳಿದ. ಬೈದ ಹೆಂಗಸರಲ್ಲಿ ಒಬ್ಬಳೂ ಹೋಗಲಿಲ್ಲ. ಊರಿನ ಹೆಂಗಸರು ಆ ಕೆಲಸಕ್ಕೆ ಬರುವವರಲ್ಲ. ಆದರೆ ಒಂಬತ್ತನೆಯವರ ನಿಯಮ ಬದಲಾಗಲಿಲ್ಲ. ಸುಗಂಧಾ ಬರೀ ಹೊಟ್ಟೆಯಲ್ಲಿ ಹೋಗಿ ಬರೀ ಹೊಟ್ಟೆಯಲ್ಲಿ ಬರುತ್ತಿದ್ದಳು. ಈಗ ತಳವೂ ಇಲ್ಲ.

ಸೋ​ಮವಾರ ಬಂತು. ಔರಾದದವರು ಮಧ್ಯಾಹ್ನದ ಬಸ್ಸಿಗೆ ಬರುವವರು. ಭಾಗೀರಥಿಬಾಯಿ ಹೊರಸಿನ ಮೇಲೆ ಕೌದಿ ಹಾಸಿದಳು. ಚಂಪಾಬಾಯಿ ಕಟ್ಟಿಗೆಯ ನೆಪ ಹೇಳಿ ಹೊರಬಿದ್ದಳು. ಕಾಲು ಶಾಲೆಯ ಹಿಂದಿನ ಗೋಡೆಗೆ ತಂದು ನಿಲ್ಲಿಸಿದವು. ಮಗಳನ್ನು ಕರೆದುಕೊಂಡು ಹೋಗಬೇಕು, ಸೀರೆ ಉಡಿಸಬೇಕು. ಹೇಗೆ ಕರೆಯಲಿ? ಇನ್ನೇನು ಹಿಡಿದು ಬೇಡ ಅನ್ನಲಿ?

ಆಗ ವಾಸನೆ ಬಂತು.

ಸೀದ ವಾಸನೆ. ಖಿಚಡಿಯ ತಳ ಹತ್ತಿದ ವಾಸನೆ.  ಗೋಡೆಯ ಹೊರಗೆ ನಿಂತಿದ್ದರೂ ಬಲಗೈ ಕಡ್ಡಿ ಎಳೆಯಲು ಮುಂದೆ ಹೋಯಿತು. ಸಿಕ್ಕಿಬಿದ್ದೆ ಎಂಬ ಅದೇ ಹೆದರಿಕೆ. ಆಮೇಲೆ ನೆನಪಾಯಿತು, ಒಲೆಯ ಮುಂದೆ ತಾನಿಲ್ಲ.

ಮತ್ತೆ ಯಾರು? ಸರಸ್ವತಿಬಾಯಿಯ ಕೈಯಲ್ಲಿ ಸೀಯುವುದುಂಟೇ?

ಕಲ್ಲು ಹತ್ತಿ ಗೋಡೆಯ ಮೇಲಿಂದ ಇಣುಕಿದಳು. ಸರಸ್ವತಿಬಾಯಿ ಒಲೆಯ ಮುಂದೆ ತಾನೇ ಕೂತು ತೊಗರಿಕಟ್ಟಿಗೆ ಒಳಗೆ ತಳ್ಳುತ್ತಿದ್ದಳು. ಅವಸರವಿಲ್ಲದೆ, ಒಂದೊಂದೇ ಹಿಡಿ. ಹೊಗೆಗೆ ಕೆಮ್ಮುತ್ತಿದ್ದಳು. ಆಮೇಲೆ ಎದ್ದು ಬಡಿಸಿದಳು. ಐದರಿಂದ ಎಂಟರವರೆಗೆ ಎಲ್ಲರಿಗೂ ತುಂಬಿದ ಸೌಟು, ಕೊನೆಯ ತಾಟಿಗೂ ತುಂಬಿದ ಸೌಟು. ಬಡಿಸಿ ಮುಗಿಸಿ, ಪಾತೇಲಿಯ ಕಿವಿ ಹಿಡಿದು ದರದರ ಎಳೆದು ತಿಕ್ಕುವ ಕಲ್ಲಿಗೆ ತಂದಳು.

ವರಾಂಡದಿಂದ ಗುರುಜಿ ಕೂಗಿದ. "ಬಾಯಿ, ಏನ್ ಸೀದ್ಲತದ ಅದು?"

ಸರಸ್ವತಿಬಾಯಿ ಅವನ ಕಡೆ ತಿರುಗಲಿಲ್ಲ. ಬೇವಿನ ಮರದ ಕಡೆ ತಿರುಗಿದಳು. ಅವಳಿಗೆ ಅಷ್ಟು ದೊಡ್ಡ ದನಿ ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ.

"ಒಂಬತ್ತನೇದವ್ರು, ಹತ್ತನೇದವ್ರು ಬರ್ರಿ! ಪಾತೇಲಿ ತಿಕ್ಕಲಾಕ ಯಾರೂ ಇಲ್ಲ. ನೀವೇ ತಿಕ್ಕಬೇಕು!"

ಮಕ್ಕಳು ತಿಳಿಯದೆ ನೋಡಿದರು.

"ತಳದ್ದು ತಿಕ್ಕಿದವ್ರಿಗಿ!" ಎಂದಳು.

ಗುರುಜಿ ಬಾಯಿ ತೆರೆದ, ಮುಚ್ಚಿದ. ಅವನ ಅಜ್ಜನ ಮನೆಯ ಮದುವೆಯಲ್ಲೂ ಅದೇ ನಡೆದಿತ್ತು. ಯಾವ ನಿಯಮ ತೋರಿಸಿ ತಡೆಯುತ್ತಾನೆ?

ಮೊದಲು ಓಡಿ ಬಂದವಳು ಸುಗಂಧಾ. ಹಿಂದೆ ಕಸ್ತೂರಿ. ಆಮೇಲೆ ಎಲ್ಲರೂ. ತೋಳಿನವರೆಗೆ ಪಾತೇಲಿಯೊಳಗೆ ಕೈ ಇಳಿಸಿದರು. ನಾಲ್ಕು ಬೆರಳು ದಪ್ಪ ಇತ್ತು. ಮೇಲಿನದು ಸೀದೇ ಇರಲಿಲ್ಲ, ಅರಿಷಿಣದ ಬಣ್ಣದ್ದು, ಮೆತ್ತಗೆ ಇತ್ತು.

ಇದನ್ನು ಗೆಲುವು ಎಂದು ಯಾರೂ ಕರೆಯಬೇಡಿ. ಓದುವ ಮಕ್ಕಳು ಹಿಡಿ ಅನ್ನಕ್ಕೆ ಕರಿ ತಿಕ್ಕಬೇಕಾಯಿತು. ಸರಕಾರದ ಗೋದಾಮಿನಲ್ಲಿ ಅಕ್ಕಿ ಇರುವಾಗಲೇ ತಿಕ್ಕಬೇಕಾಯಿತು. ನಾಚಿಕೆಪಡಬೇಕಾದವರು ನಾಚಿಕೆಪಡಲಿ. ಮಕ್ಕಳು ಉಂಡರು.

ಚಂಪಾಬಾಯಿ ಕಲ್ಲಿನಿಂದ ಇಳಿದಳು. ಅಳು ಬಂತು, ಒರೆಸಿಕೊಂಡಳು. ಕೇರಿಗೆ ನೀರಿಲ್ಲ. ಕೈಯಲ್ಲಿ ಕೆಲಸವಿಲ್ಲ. ವಿಶ್ವನಾಥಪ್ಪ ಇನ್ನೇನು ಮಾಡುತ್ತಾನೋ ಗೊತ್ತಿಲ್ಲ. ಮನೆಗೆ ಬಂದಳು. ಹೊರಸಿನ ಮೇಲೆ ಔರಾದದವರು ಕೂತಿದ್ದರು. ಚಹಾ ಕುಡಿದಾಗಿತ್ತು.

"ಹುಡುಗಿ ಎಲ್ಲಿ?" ಎಂದು ಹಿರಿಯ ಹೆಂಗಸು ಕೇಳಿದಳು.

ಭಾಗೀರಥಿಬಾಯಿ ಸೊಸೆಯ ಮುಖ ನೋಡಿದಳು. ಚಂಪಾಬಾಯಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಬೀಳಬಾರದೆಂದು ಗಟ್ಟಿಯಾಗಿ ಹಿಡಿದುಕೊಂಡಳು.

"ಹೋಗಿಬರ್ರಿ ಎವ್ವಾ. ನಮ್ಮ ಹುಡುಗಿ ಸಾಲ್ಯಾಗ ಊಟಕ್ಕ ಕುಂತಾಳ."